ಬೋರ್ಡೋ ಹೊಡೆದ ಕ್ಯಾನಿನಲ್ಲಿ ಮೆಟರೈಜಿಯಂ ಬೇಡ

ಫಾಲ್ ಸೈನಿಕ ಹುಳು ದೇಶದಲ್ಲಿ ಮೊದಲು ಪತ್ತೆಯಾದದ್ದೇ ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲಿ, 2018ರಲ್ಲಿ. ಅದಕ್ಕೆ ನಾನು ಹೊಡೆಯುವುದು ಮೆಟರೈಜಿಯಂ ಅನಿಸೋಪ್ಲಿಯೆ ಶಿಲೀಂಧ್ರದ ಪುಡಿ. ಪೊಟ್ಟಣದಲ್ಲಿರುವುದು ಜೀವಂತ ಬೀಜಕಣ. ವಿಷ ತಯಾರಾಗುವುದು ಹುಳುವಿನ ಮೈಯೊಳಗೆ.

ಚರ್ಮಕ್ಕೆ ಅಂಟಿದ ಬೀಜಕಣ ತೇವ ಸಿಕ್ಕರೆ ಮೊಳೆತು, ಕಿಣ್ವಗಳಿಂದ ಚರ್ಮ ಕರಗಿಸಿ ಒಳಗಿಳಿಯುತ್ತದೆ. ಅಲ್ಲಿ ಬೆಳೆಯುತ್ತ ಡಿಸ್ಟ್ರಕ್ಸಿನ್ ಎಂಬ ವಿಷ ಬಿಡುತ್ತದೆ. ಸ್ನಾಯುಗಳಿಗೆ ಕ್ಯಾಲ್ಸಿಯಂ ನುಗ್ಗಿ ಹುಳು ಮೊದಲು ಸೆಟೆದುಕೊಳ್ಳುತ್ತದೆ, ಆಮೇಲೆ ಜೋತುಬೀಳುತ್ತದೆ. ರೋಗದ ವಿರುದ್ಧ ಹೋರಾಡುವ ರಕ್ತಕಣಗಳೂ ಸೋಲುತ್ತವೆ. ಸಾಯಲು ವಾರ ಹಿಡಿಯಬಹುದು, ಮೇವು ಮಾತ್ರ ಅದಕ್ಕೂ ಮೊದಲೇ ಇಳಿಯುತ್ತದೆ. ಆದ್ದರಿಂದ ಮರುದಿನ ಹೆಣ ಎಣಿಸಲು ಹೋಗಬೇಡಿ. ಸುಳಿಯಲ್ಲಿ ಹಸಿ ಲದ್ದಿ ಕಡಿಮೆಯಾಗುತ್ತಿದೆಯೇ ನೋಡುತ್ತಿರಿ.

ಗ್ರಾಂಗೆ 1×10⁸ ಸಿಎಫ್‌ಯು (ಮೊಳೆತು ಬೆಳೆಯಬಲ್ಲ ಬೀಜಕಣಗಳ ಎಣಿಕೆ) ಇರುವ ಟಾಲ್ಕ್ ಪುಡಿಯಾದರೆ ಲೀಟರಿಗೆ 5 ಗ್ರಾಂ, ಅಂದರೆ 15 ಲೀಟರ್ ಸಿಂಪಡಣೆ ಕ್ಯಾನಿಗೆ 75 ಗ್ರಾಂ. ಮಗ್ಗಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ತೆಳು ಬಟ್ಟೆಯಲ್ಲಿ ಸೋಸಿ ಸುರಿಯುತ್ತೇನೆ. ಸೋಸದಿದ್ದರೆ ನಾಝಲ್ ಕಟ್ಟುವುದು ಖಂಡಿತ. ಟಾಲ್ಕ್ ತಳಕ್ಕೆ ಕೂರುವುದರಿಂದ ಕ್ಯಾನನ್ನು ಆಗಾಗ ಅಲ್ಲಾಡಿಸಬೇಕು. ಬಿತ್ತಿ 15ರಿಂದ 25 ದಿನದೊಳಗೆ ಒಂದು ಸಲ, 10 ದಿನ ಬಿಟ್ಟು ಇನ್ನೊಂದು ಸಲ, ನೇರ ಸುಳಿಯೊಳಗೆ. ಹೊತ್ತು ಇಳಿದ ಮೇಲೆಯೇ ಹೊಡೆಯಿರಿ, ಬಿಸಿಲಿನ ನೇರಳಾತೀತ ಕಿರಣಕ್ಕೆ ಬೀಜಕಣ ಸಾಯುತ್ತವೆ. ಹುಳು ಬಲಿತ ಮೇಲೆ ಪುಡಿ ದಂಡ: ಸುಳಿಗೆ ಲದ್ದಿಯ ಬಿರಡೆ ಹಾಕಿಕೊಂಡು ಕೂತಿರುತ್ತದೆ, ದ್ರಾವಣ ಅದನ್ನು ಮುಟ್ಟುವುದೇ ಇಲ್ಲ. ಎಳೆಯದರಲ್ಲೂ ಬೀಜಕಣ ಒಳಗಿಳಿಯುವ ಮುಂಚೆ ಪೊರೆ ಕಳಚಿದರೆ ಅವೂ ಪೊರೆಯ ಜೊತೆ ಹೋಗುತ್ತವೆ. ಎರಡನೇ ಸಲ ಹೊಡೆಯುವುದು ಇದಕ್ಕೂ ಸೇರಿಸಿ.

ಮಲೆನಾಡಿನಲ್ಲಿ ಕೆಡುವುದು ಹೆಚ್ಚಾಗಿ ಕ್ಯಾನಿನಿಂದ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವುದೂ, ಮೆಕ್ಕೆಜೋಳದ ಸುಳಿಗೆ ಹುಳು ಬೀಳುವುದೂ ಅದೇ ಮಳೆಗಾಲದಲ್ಲಿ. ಕ್ಯಾನಿನಲ್ಲಿ ಉಳಿದ ಬೋರ್ಡೋದ ತಾಮ್ರ ಇರುವುದೇ ಶಿಲೀಂಧ್ರ ಕೊಲ್ಲಲು. ಕೊಳೆಯದು, ನಮ್ಮದು ಎಂಬ ಭೇದ ಅದಕ್ಕಿಲ್ಲ. ಇದಕ್ಕೆಂದೇ ಬೇರೆ ಕ್ಯಾನ್ ಇಟ್ಟಿದ್ದೇನೆ.

ಫಲ ಸಿಕ್ಕಿತೇ ಎಂಬ ಅನುಮಾನವಿದ್ದರೆ ಸತ್ತ ಹುಳುವನ್ನು ಒದ್ದೆ ಹತ್ತಿಯ ಜೊತೆ ಬಾಟಲಿಯಲ್ಲಿಡಿ. ಮೈ ಗಟ್ಟಿಯಾಗಿ, ಮೊದಲು ಬಿಳಿ, ಆಮೇಲೆ ಹಸಿರು ಬೂಸ್ಟು ಬಂದರೆ ಮೆಟರೈಜಿಯಂ. ಕಪ್ಪಾಗಿ ಕರಗಿ ನೀರು ಸೋರಿದರೆ ವೈರಸ್ ರೋಗವಿರಬಹುದು, ಆ ಸಾವನ್ನು ಪುಡಿಯ ಲೆಕ್ಕಕ್ಕೆ ಬರೆಯಬೇಡಿ.