ಮಾಡ್ಯುಲರ್ ಸಿಂಥ್: ಮೊದಲ ಪ್ಯಾಚ್, ಆಮೇಲೆ ಡಿಲೇ ಮತ್ತು ರಿವರ್ಬ್

ಮಾಡ್ಯುಲರ್ ಸಿಂಥ್ (ಬಿಡಿ ಬಿಡಿ ಮಾಡ್ಯೂಲ್‌ಗಳನ್ನು ಕೇಬಲ್‌ನಿಂದ ಜೋಡಿಸಿ ಸದ್ದು ಮಾಡುವ ವಾದ್ಯ) ಕಲಿಯಬೇಕು ಅನ್ನಿಸಿದ ತಕ್ಷಣ ನಿಜವಾದ ಯಂತ್ರಗಳ, ಅಂದರೆ ಯೂರೋರ್‍ಯಾಕ್ ಮಾಡ್ಯೂಲ್‌ಗಳ ಬೆಲೆ ಹುಡುಕಲು ಹೋಗಬೇಡಿ. ಮೊದಲು ವಿಸಿವಿ ರ್‍ಯಾಕ್ ಇಳಿಸಿಕೊಳ್ಳಿ. ಅದು ಅಂಥ ಮಾಡ್ಯೂಲ್‌ಗಳನ್ನು ಪರದೆ ಮೇಲೆ ಕೊಡುವ ಸಾಫ್ಟ್‌ವೇರ್, ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. 1969ರಲ್ಲಿ ಅಹಮದಾಬಾದಿನ ವಿನ್ಯಾಸ ಸಂಸ್ಥೆ ಎನ್‌ಐಡಿಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಮೂಗ್ ಸಿಂಥ್ ಇಟ್ಟು ಸ್ಟುಡಿಯೊ ಶುರು ಮಾಡಿಕೊಟ್ಟಾಗ ಅದನ್ನು ಮುಟ್ಟುವ ಅವಕಾಶ ಕೆಲವೇ ಜನಕ್ಕೆ ಇತ್ತು. ಈಗ ಅಂಥದೇ ವೈರಿಂಗ್ ಕಲಿಯಲು ಒಂದು ಲ್ಯಾಪ್‌ಟಾಪ್, ಒಂದು ಹೆಡ್‌ಫೋನ್ ಸಾಕು.

ಹೊಸ ಪ್ಯಾಚ್ (ಮಾಡ್ಯೂಲ್, ಕೇಬಲ್‌ಗಳ ಜೋಡಣೆ) ತೆರೆದು, ಅದರಲ್ಲಿ ಇರುವುದನ್ನೆಲ್ಲ ಅಳಿಸಿಬಿಡಿ. ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿದರೆ ಮಾಡ್ಯೂಲ್‌ಗಳ ಪಟ್ಟಿ ಬರುತ್ತದೆ. ಒಂದು ವಿಸಿಒ (ಸ್ವರ ಹುಟ್ಟಿಸುವ ಆಸಿಲೇಟರ್), ಸದ್ದನ್ನು ಹೆಡ್‌ಫೋನಿಗೆ ಕಳಿಸುವ ಒಂದು ಆಡಿಯೊ ಮಾಡ್ಯೂಲ್ ತನ್ನಿ, ವಾಲ್ಯೂಮ್ ಕಡಿಮೆ ಇಡಿ, ವಿಸಿಒದ 'ಸಾ' (SAW, ಗರಗಸದ ಹಲ್ಲಿನಂಥ ಅಲೆ) ಔಟ್‌ಪುಟ್‌ನಿಂದ ಆಡಿಯೊಗೆ ಕೇಬಲ್ ಎಳೆಯಿರಿ. ಗುಂಯ್ ಅಂತ ಶುರುವಾದ ಸದ್ದು ನಿಲ್ಲುವುದೇ ಇಲ್ಲ, ಅಲ್ವಾ? ಅದೇ ಸರಿ. ವಿಸಿಒ ಯಾವಾಗಲೂ ಕೂಗುತ್ತಲೇ ಇರುತ್ತದೆ. ಅದನ್ನು ಯಾವಾಗ ಹೊರಗೆ ಬಿಡಬೇಕು ಅನ್ನುವುದು ವಿಸಿಎ (ಸದ್ದಿನ ಜೋರನ್ನು ಏರಿಳಿಸುವ ಮಾಡ್ಯೂಲ್) ಕೆಲಸ.

ಈಗ ಮಧ್ಯದಲ್ಲಿ ಎರಡು ಮಾಡ್ಯೂಲ್ ಸೇರಿಸಿ: ವಿಸಿಒದಿಂದ ವಿಸಿಎಫ್ (ಫಿಲ್ಟರ್), ಅದರ ಲೋ-ಪಾಸ್ (ಮೇಲಿನ ಕಂಪನಗಳನ್ನು ತಡೆಯುವ) ಔಟ್‌ಪುಟ್‌ನಿಂದ ವಿಸಿಎ, ವಿಸಿಎದಿಂದ ಆಡಿಯೊ. ಇದು ಸದ್ದಿನ ದಾರಿ. ಇನ್ನೊಂದು ದಾರಿ ಹಿಡಿತದ್ದು, ಅಂದರೆ ಮಾಡ್ಯೂಲ್‌ಗಳನ್ನು ನಡೆಸುವ ಸಿವಿ (ಕಂಟ್ರೋಲ್ ವೋಲ್ಟೇಜ್). ಸ್ವರಗಳನ್ನು ಸರದಿಯಲ್ಲಿ ಕೊಡುವ ಸೀಕ್ವೆನ್ಸರ್ (ಸೆಕ್-3) ತಂದು, ಅದರ ಟ್ರಿಗ್ (ಶುರು ಮಾಡು ಅನ್ನುವ ಸಿಗ್ನಲ್) ಅನ್ನು, ಸ್ವರ ಹೇಗೆ ಏರಿ ಇಳಿಯಬೇಕು ಅನ್ನುವುದನ್ನು ತೀರ್ಮಾನಿಸುವ ಎಡಿಎಸ್‌ಆರ್‌ನ ಗೇಟ್‌ಗೆ ಕೊಡಿ, ಎಡಿಎಸ್‌ಆರ್ ಔಟ್‌ಪುಟ್ಟನ್ನು ವಿಸಿಎದ ಸಿವಿಗೆ ಕೊಡಿ, ಸೀಕ್ವೆನ್ಸರಿನ ಮೊದಲ ಸಾಲಿನ ಸಿವಿಯನ್ನು ವಿಸಿಒದ ವೋಲ್ಟ್-ಪರ್-ಆಕ್ಟೇವ್ ತೂತಿಗೆ ಹಾಕಿ. 1 ವೋಲ್ಟ್ ಏರಿದರೆ ಒಂದು ಸ್ಥಾಯಿ ಮೇಲೆ. ಹಾಗಾಗಿ ಆ ನಾಬ್‌ಗಳನ್ನು ಚೂರೇ ಚೂರು ತಿರುಗಿಸಿ.

ಎರಡೂ ದಾರಿಗಳಲ್ಲಿ ಹರಿಯುವುದು ವೋಲ್ಟೇಜೇ. ಸೆಕೆಂಡಿಗೆ ನೂರಾರು ಸಲ ಅಲುಗಿದರೆ ಅದು ಸ್ವರ. ನಿಧಾನಕ್ಕೆ ಅಲುಗಿದರೆ, ನಾಬ್ ತಿರುಗಿಸುವ ಇನ್ನೊಂದು ಕೈ ಇದ್ದ ಹಾಗೆ. ಇದು ತಲೆಗೆ ಹೋದರೆ ಯಾವ ಕೇಬಲ್ ಎಲ್ಲಿಗೆ ಅನ್ನುವ ಭಯ ಹೋಗುತ್ತದೆ.

ಎಡಿಎಸ್‌ಆರ್ ಅನ್ನು ವಿಸಿಎಫ್‌ನ ಕಟ್‌ಆಫ್‌ಗೂ (ಫಿಲ್ಟರ್ ಎಲ್ಲಿಂದ ತಡೆಯಬೇಕು ಅನ್ನುವ ಮಟ್ಟ) ಕೊಡಿ. ಏನೂ ಬದಲಾಗಲಿಲ್ವಾ? ಆ ತೂತಿಗೆ ಸೇರಿದ ಚಿಕ್ಕ ನಾಬ್ ಸೊನ್ನೆಯಲ್ಲಿರುತ್ತದೆ, ಅದನ್ನು ಬಲಕ್ಕೆ ತಿರುಗಿಸಿ. ಕೇಬಲ್ ಸರಿಯಿದ್ದೂ ಪ್ಯಾಚ್ ಸುಮ್ನೆ ಕೂತಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ.

ಇನ್ನು ಎಫೆಕ್ಟ್. ಡಿಲೇಯನ್ನು (ಸದ್ದನ್ನು ತಡಮಾಡಿ ಪ್ರತಿಧ್ವನಿಸುವ ಮಾಡ್ಯೂಲ್) ವಿಸಿಎ ಮುಂಚೆ ಇಡಬೇಕೋ ಆಮೇಲೋ? ಎರಡನ್ನೂ ಕೇಳಿ ನೋಡಿ, ಇದಕ್ಕಿಂತ ಒಳ್ಳೆ ಪಾಠ ಇಲ್ಲ. ಮುಂಚೆ ಇಟ್ಟರೆ ವಿಸಿಎ ಮುಚ್ಚಿದ ತಕ್ಷಣ ಪ್ರತಿಧ್ವನಿಯೂ ಕತ್ತರಿಸಿ ಹೋಗುತ್ತದೆ. ಆಮೇಲೆ ಇಟ್ಟರೆ ಸ್ವರ ನಿಂತರೂ ಅದರ ಬಾಲ ಉಳಿಯುತ್ತದೆ. ಸಾಮಾನ್ಯವಾಗಿ ನಿಮಗೆ ಬೇಕಾದ್ದು ಎರಡನೆಯದು. ಡಿಲೇಯ ಮಿಕ್ಸ್ ನಾಬ್ (ಮೂಲ ಸದ್ದಿಗೆ ಪ್ರತಿಧ್ವನಿ ಎಷ್ಟು ಬೆರೆಯಬೇಕು) ಮಧ್ಯಕ್ಕಿಂತ ಕಡಿಮೆ ಇರಲಿ. ಫೀಡ್‌ಬ್ಯಾಕ್ (ಪ್ರತಿಧ್ವನಿ ಎಷ್ಟು ಸಲ ಮರಳಬೇಕು) ಅರ್ಧಕ್ಕಿಂತ ಜಾಸ್ತಿ ಬೇಡ, ಪೂರ್ತಿ ಏರಿಸಿದರೆ ಹಳೆ ಸದ್ದು ಹೋಗದೆ ರಾಶಿ ಬೀಳುತ್ತದೆ.

ಮಾಡ್ಯುಲರ್‌ನ ನಿಜವಾದ ಖುಷಿ ಶುರುವಾಗುವುದು ಇಲ್ಲಿಂದ: ಎಫೆಕ್ಟಿನ ನಾಬ್‌ಗೂ ಕೇಬಲ್ ಹಾಕಬಹುದು. ಒಂದು ಎಲ್‌ಎಫ್‌ಒ (ನಿಧಾನಕ್ಕೆ ಅಲುಗುವ ಆಸಿಲೇಟರ್) ತಂದು ತುಂಬ ನಿಧಾನ ಮಾಡಿ, ಡಿಲೇ ಟೈಮ್‌ಗೆ ಕೊಟ್ಟು, ಪಕ್ಕದ ಚಿಕ್ಕ ನಾಬ್ ಒಂದಿಷ್ಟೇ ತೆರೆದರೆ ಪ್ರತಿಧ್ವನಿಯ ಶ್ರುತಿ ಹಳೇ ಟೇಪಿನ ಹಾಗೆ ಮೆಲ್ಲಗೆ ಜಾರಾಡುತ್ತದೆ. ಜಾಸ್ತಿ ತೆರೆದರೆ ಅಪಸ್ವರ. ಅದೂ ಕೆಲವೊಮ್ಮೆ ಬೇಕಾಗುತ್ತದೆ. ರಿವರ್ಬ್‌ಗೆ (ದೊಡ್ಡ ಕೋಣೆಯ ಗುಂಗಿನಂಥ ಎಫೆಕ್ಟ್) ವ್ಯಾಲಿ (Valley) ಅವರ ಪ್ಲ್ಯಾಟೊ (Plateau) ಹಾಕಿಕೊಳ್ಳಿ, ಅದೂ ಉಚಿತ. ಡಿಲೇ ಆದ ಮೇಲೆ ಇಡಿ.

ಒಂದು ಸಲಕ್ಕೆ ಒಂದೇ ಕೇಬಲ್ ಹಾಕಿ, ಏನು ಬದಲಾಯಿತು ಅಂತ ಕೇಳಿ, ಆಮೇಲೆ ಮುಂದಿನದು. ಬೇರೆಯವರ ದೊಡ್ಡ ಪ್ಯಾಚ್ ತೆರೆದು ನೋಡುವುದಕ್ಕಿಂತ ಇದರಲ್ಲಿ ಬೇಗ ಕಲಿಯುತ್ತೀರಿ.

ಮುಂದೆ ನಿಜವಾದ ಯೂರೋರ್‍ಯಾಕ್ ಕೊಂಡರೆ ಇದೇ ಪ್ಯಾಚ್ ಅಲ್ಲೂ ನಡೆಯುತ್ತದೆ, ಕೇಬಲ್ ಮಾತ್ರ 3.5 ಮಿಮೀ ಮೊನೊ. ಪವರ್ ರಿಬ್ಬನ್ನಿನ (ಮಾಡ್ಯೂಲಿಗೆ ವಿದ್ಯುತ್ ಕೊಡುವ ಚಪ್ಪಟೆ ಕೇಬಲ್) ಕೆಂಪು ಗೆರೆ ಮೈನಸ್ 12 ವೋಲ್ಟ್ ಕಡೆಗೇ ಇರಬೇಕು, ತಿರುಗಿಸಿ ಚುಚ್ಚಿದರೆ ಮಾಡ್ಯೂಲ್ ಸುಟ್ಟುಹೋಗಬಹುದು. ಅದರ ಸಿಗ್ನಲ್ ಮಾಮೂಲಿ ಲೈನ್ ಲೆವೆಲ್‌ಗಿಂತ ಜೋರು. ಆಡಿಯೊ ಇಂಟರ್‌ಫೇಸ್‌ಗೆ ಚುಚ್ಚುವ ಮುಂಚೆ ಇನ್‌ಪುಟ್ ಗೇನ್ ಪೂರ್ತಿ ಇಳಿಸಿಕೊಳ್ಳಿ.