ದಿನ ಓಡಿಸುವ ಕಾರಿಗೆ ರೇಸಿಂಗ್ ಆಯಿಲ್ ಹಾಕಿ ನೋಡಿದೆ

ನನ್ನ ಹತ್ತಿರ ಎರಡು ಕಾರುಗಳಿವೆ. ಒಂದು ದಿನಾ ಕೆಲಸಕ್ಕೆ ಹೋಗಿಬರುವ ಸಾಧಾರಣ ಪೆಟ್ರೋಲ್ ಕಾರು, ಟರ್ಬೊ ಇಲ್ಲದ್ದು. ಇನ್ನೊಂದು ಟ್ರ್ಯಾಕ್ ಮೇಲೆ ಓಡಿಸುವುದಕ್ಕೆ ಅಂತಲೇ ಇಟ್ಟುಕೊಂಡಿರುವ ಹಳೇ ಕಾರು. ಎರಡಕ್ಕೂ ಆಯಿಲ್ ಬದಲಿಸುವುದು ನಾನೇ. ಹಾಗಾಗಿ ಗೆಳೆಯರು ಪದೇ ಪದೇ ಒಂದೇ ಪ್ರಶ್ನೆ ಕೇಳುತ್ತಾರೆ: ‘ರೇಸ್ ಎಂಜಿನ್ ಕಾಪಾಡುವ ಆಯಿಲ್ ನಮ್ಮ ಕಾರಿಗೆ ಇನ್ನೂ ಒಳ್ಳೇದು ಅಲ್ವಾ? ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ.’ ಬಾಯಿಮಾತಿನಲ್ಲಿ ಉತ್ತರ ಕೊಟ್ಟು ಸಾಕಾಗಿತ್ತು. ದಿನದ ಕಾರಿಗೇ ಹಾಕಿ, ಆಮೇಲೆ ಆ ಆಯಿಲನ್ನು ಲ್ಯಾಬ್‌ಗೆ ಕಳಿಸಿ ನೋಡೋಣ ಅಂದುಕೊಂಡೆ.

ಹಾಕುವ ಮೊದಲು ಕೆಲವು ವಿಷಯ ಖಚಿತ ಮಾಡಿಕೊಂಡೆ. ಕಾರಿನ ವಾರಂಟಿ ಮುಗಿದಿತ್ತು. ಎಂಜಿನ್ ಆಯಿಲ್ ಕುಡಿಯುತ್ತಿರಲಿಲ್ಲ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯುತ್ತಿರಲಿಲ್ಲ. ಮ್ಯಾನ್ಯುಯಲ್‌ನಲ್ಲಿ 5ಡಬ್ಲ್ಯೂ-30 ಮತ್ತು 5ಡಬ್ಲ್ಯೂ-40 ಎರಡೂ ಗ್ರೇಡಿಗೆ ಅನುಮತಿ ಇತ್ತು. ಗ್ರೇಡ್ ಅಂದರೆ ಆಯಿಲ್ ಎಷ್ಟು ದಪ್ಪ ಅನ್ನುವ ಗುರುತು: ಮೊದಲ ಅಂಕಿ ಚಳಿಯಲ್ಲಿ, ಎರಡನೆಯದು ಬಿಸಿಯಲ್ಲಿ. ನಾನು ಮೊದಲಿನಿಂದಲೂ 5ಡಬ್ಲ್ಯೂ-40 ಹಾಕುತ್ತಿದ್ದೆ, ರೇಸಿಂಗ್ ಆಯಿಲನ್ನೂ ಅದೇ ಗ್ರೇಡಿನಲ್ಲಿ ತಂದೆ. ಇದು ಮುಖ್ಯ. ಗ್ರೇಡೂ ಬೇರೆ, ಆಯಿಲೂ ಬೇರೆ ಆದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಟರ್ಬೊ ಇರುವ ಡೈರೆಕ್ಟ್ ಇಂಜೆಕ್ಷನ್ ಕಾರಾಗಿದ್ದರೆ ಈ ಆಟಕ್ಕೇ ಹೋಗುತ್ತಿರಲಿಲ್ಲ. ಅಂಥ ಎಂಜಿನ್‌ಗಳಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಜೋರಾಗಿ ಎಳೆದಾಗ ಪೆಟ್ರೋಲ್ ಹೊತ್ತಿಗೆ ಮೊದಲೇ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಅಪಾಯ ಇದೆ. ಅದರಲ್ಲಿ ಆಯಿಲಿನ ಪಾತ್ರವೂ ಇದೆ. 2020ರಲ್ಲಿ ಬಂದ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌ಪಿ ದರ್ಜೆಯಲ್ಲಿ ಇದಕ್ಕೆಂದೇ ಪರೀಕ್ಷೆ ಇದೆ. ನಾನು ತಂದ ಡಬ್ಬದ ಮೇಲೆ ಎಪಿಐ ಮುದ್ರೆಯೇ ಇರಲಿಲ್ಲ.

ಡಬ್ಬದ ಮುಂಭಾಗದ ಬಣ್ಣ, ಬಾವುಟ ಎಲ್ಲ ಬಿಡಿ. ಕಂಪನಿಯ ಡೇಟಾ ಶೀಟ್ ತೆಗೆದು ಎರಡೂ ಆಯಿಲನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಎರಡು ಕಡೆ ವ್ಯತ್ಯಾಸ ಎದ್ದು ಕಾಣುತ್ತದೆ.

ಮೊದಲನೆಯದು ಜಿಂಕ್ ಮತ್ತು ಫಾಸ್ಫರಸ್. ಇವೆರಡೂ ಝಡ್‌ಡಿಡಿಪಿ ಅನ್ನುವ ಅಡಿಟಿವ್‌ನಿಂದ ಬರುತ್ತವೆ. ವಾಲ್ವ್ ತೆರೆಯುವ ಕ್ಯಾಮ್ ಮತ್ತು ಅದು ಒತ್ತುವ ಟ್ಯಾಪೆಟ್ ಒಂದಕ್ಕೊಂದು ಉಜ್ಜುವ ಜಾಗದಲ್ಲಿ, ಬಿಸಿ ಮತ್ತು ಒತ್ತಡ ಸೇರಿದಾಗ, ಇದು ಲೋಹದ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ಸವೆಯುವುದು ಆ ಪೊರೆ, ಲೋಹ ಉಳಿದುಕೊಳ್ಳುತ್ತದೆ. ರೇಸಿಂಗ್ ಆಯಿಲಿನಲ್ಲಿ ಇದನ್ನು ಧಾರಾಳವಾಗಿ ಹಾಕುತ್ತಾರೆ. ರಸ್ತೆ ಕಾರಿನ ಬಹಳಷ್ಟು ಆಯಿಲ್‌ಗಳಲ್ಲಿ ಹಾಗೆ ಹಾಕುವ ಹಾಗಿಲ್ಲ. ಕಾರು ಕಂಪನಿಗಳು ಸೇರಿ ಮಾಡಿದ ಐಎಲ್‌ಎಸ್‌ಎಸಿ ದರ್ಜೆಗಳಲ್ಲಿ, ಜಿಎಫ್-4ರಿಂದ ಈಚೆಗೆ, ಆಯಿಲಿನಲ್ಲಿ ಫಾಸ್ಫರಸ್ ಶೇಕಡಾ 0.08 ಮೀರಬಾರದು, 0.06ಕ್ಕಿಂತ ಕಡಿಮೆಯೂ ಇರಬಾರದು. ಮೇಲಿನ ಮಿತಿ ಅಂದರೆ ಹತ್ತು ಲಕ್ಷ ಭಾಗದಲ್ಲಿ 800 ಭಾಗ. ರೇಸಿಂಗ್ ಆಯಿಲ್‌ಗಳಲ್ಲಿ ಇದು ಸಾವಿರ ದಾಟಿರುವುದು ಮಾಮೂಲು.

ಮಿತಿ ಹಾಕಿದ್ದು ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸಲುವಾಗಿ. ಆಯಿಲ್ ಸ್ವಲ್ಪ ಸ್ವಲ್ಪವೇ ಉರಿದು ಹೊಗೆಯ ಜೊತೆ ಹೋಗುವಾಗ ಫಾಸ್ಫರಸ್ ಕನ್ವರ್ಟರ್ ಒಳಗಿನ ಪ್ಲಾಟಿನಂ, ಪಲ್ಲಾಡಿಯಂ ಮೇಲೆ ಕೂತು ಅದನ್ನು ಮಂಕು ಮಾಡುತ್ತದೆ. ಒಂದೇ ದಿನದಲ್ಲಿ ಆಗುವ ಕೆಲಸ ಅಲ್ಲ ಇದು. ಆಯಿಲ್ ಕುಡಿಯದ ಎಂಜಿನ್‌ನಲ್ಲಿ ಒಂದು ಸಲ ಹಾಕಿದ ಮಾತ್ರಕ್ಕೆ ಕನ್ವರ್ಟರ್ ಸಾಯುವುದಿಲ್ಲ. ಅದಕ್ಕೇ ನಾನು ಧೈರ್ಯ ಮಾಡಿದ್ದು. ಆದರೆ ವರ್ಷಗಟ್ಟಲೆ ಹಾಕಿದರೆ, ಅದರಲ್ಲೂ ರಿಂಗ್ ಸವೆದು ಆಯಿಲ್ ಉರಿಯುವ ಕಾರಿನಲ್ಲಿ, ಬಿಲ್ಲು ದೊಡ್ಡದೇ ಬರುತ್ತದೆ. ಡೀಸೆಲ್ ಕಾರಿನಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದ್ದರೆ ಬೂದಿಯ ತಲೆನೋವು ಬೇರೆ. ಅದಕ್ಕೆ ಬೂದಿ ಕಡಿಮೆ ಇರುವ ಆಯಿಲೇ ಬೇಕು.

ಎರಡನೆಯದು ಡಿಟರ್ಜೆಂಟ್. ಜನ ಜಿಂಕ್ ಬಗ್ಗೆ ಮಾತಾಡುವಷ್ಟು ಇದರ ಬಗ್ಗೆ ಮಾತಾಡುವುದಿಲ್ಲ. ನನ್ನ ಲೆಕ್ಕದಲ್ಲಿ ದಿನದ ಕಾರಿಗೆ ಇದೇ ದೊಡ್ಡ ವಿಷಯ. ಕ್ಯಾಲ್ಸಿಯಂ, ಮೆಗ್ನೀಸಿಯಂನಿಂದ ಮಾಡಿದ ಈ ಅಡಿಟಿವ್‌ಗಳು ಎರಡು ಕೆಲಸ ಮಾಡುತ್ತವೆ. ಪಿಸ್ಟನ್ ಮತ್ತು ರಿಂಗ್‌ಗಳ ಮೇಲೆ ಕೊಳೆ ಕೂರದಂತೆ ನೋಡಿಕೊಳ್ಳುತ್ತವೆ. ಪೆಟ್ರೋಲ್ ಉರಿದಾಗ ಹುಟ್ಟುವ ಆಮ್ಲವನ್ನು ಕೊಲ್ಲುತ್ತವೆ. ಆಮ್ಲ ಕೊಲ್ಲುವ ಶಕ್ತಿ ಎಷ್ಟಿದೆ ಅನ್ನುವುದಕ್ಕೆ ಟಿಬಿಎನ್ ಅಂತ ಒಂದು ಅಳತೆ ಇದೆ. ಪಕ್ಕಾ ರೇಸಿಂಗ್ ಆಯಿಲಿನಲ್ಲಿ ಡಿಟರ್ಜೆಂಟನ್ನು ಬೇಕಂತಲೇ ಕಡಿಮೆ ಇಡುತ್ತಾರೆ. ಡಿಟರ್ಜೆಂಟ್ ಮತ್ತು ಝಡ್‌ಡಿಡಿಪಿ ಎರಡೂ ಅದೇ ಲೋಹದ ಮೇಲೆ ಜಾಗಕ್ಕಾಗಿ ಕಿತ್ತಾಡುತ್ತವೆ. ಸಾಲದ್ದಕ್ಕೆ ಡಿಟರ್ಜೆಂಟ್ ಉರಿದರೆ ಬೂದಿ ಉಳಿಯುತ್ತದೆ. ರೇಸ್ ಮುಗಿದ ಮೇಲೆ ಹೇಗೂ ಆಯಿಲ್ ಬಸಿದುಬಿಡುತ್ತಾರೆ, ತಿಂಗಳುಗಟ್ಟಲೆ ಆಮ್ಲದ ಜೊತೆ ಗುದ್ದಾಡುವ ಅಗತ್ಯ ಅದಕ್ಕಿಲ್ಲ.

ಇನ್ನು ನಾನು ಮಾಡಿದ ಕ್ರಮ. ಮೊದಲು ಎಂದಿನ ಆಯಿಲನ್ನು ಪೂರ್ತಿ ಅವಧಿ ಓಡಿಸಿ, ಬಸಿಯುವಾಗ ಒಂದು ಸ್ಯಾಂಪಲ್ ಹಿಡಿದೆ. ಹೋಲಿಸುವುದಕ್ಕೆ ಒಂದು ಆಧಾರ ಬೇಕಲ್ಲ. ಎಂಜಿನ್ ಚೆನ್ನಾಗಿ ಬಿಸಿ ಇರಬೇಕು. ಡ್ರೈನ್ ಬೋಲ್ಟ್ ಬಿಚ್ಚಿದ ಕೂಡಲೇ ಬರುವ ಆಯಿಲಿನಲ್ಲಿ ತಳದ ಕೊಳೆ ಇರುತ್ತದೆ, ಅದು ಹರಿದುಹೋಗಲಿ. ಮಧ್ಯದ ಧಾರೆಗೆ ಒಣಗಿದ, ಸ್ವಚ್ಛವಾದ ಬಾಟಲಿ ಹಿಡಿಯಬೇಕು. ಕೈಗವಸು ಹಾಕಿಕೊಳ್ಳಿ, ಸುಡುತ್ತದೆ. ಆಮೇಲೆ ಹೊಸ ಫಿಲ್ಟರ್, ಹೊಸ ವಾಷರ್, ರೇಸಿಂಗ್ ಆಯಿಲ್. ಎಂದಿನ ಅವಧಿಯ ಅರ್ಧಕ್ಕೇ ನಿಲ್ಲಿಸಿ, ಮತ್ತೆ ಬಸಿದು, ಎರಡನೇ ಸ್ಯಾಂಪಲ್ ಕಳಿಸಿದೆ.

ಓಡಿಸುವಾಗ ಏನು ಅನಿಸಿತು? ಏನೂ ಇಲ್ಲ. ಪಿಕಪ್ ಅಷ್ಟೇ, ಮೈಲೇಜ್ ಅಷ್ಟೇ. ಮೊದಮೊದಲು ಎಂಜಿನ್ ಸದ್ದು ಕಡಿಮೆ ಆಯಿತು ಅನಿಸಿತು. ಆದರೆ ಯಾವ ಹೊಸ ಆಯಿಲ್ ಹಾಕಿದರೂ ಹಾಗೇ ಅನಿಸುತ್ತದೆ, ಕಿವಿಯನ್ನು ನಂಬಬೇಡಿ.

ಲ್ಯಾಬ್ ವರದಿ ಬಂದಾಗ ಮೊದಲು ಕಬ್ಬಿಣ, ತಾಮ್ರದ ಅಂಕಿ ನೋಡಿದೆ. ಸವೆತ ಎಷ್ಟಿದೆ ಅಂತ ಹೇಳುವುದು ಅವೇ. ಅರ್ಧ ಅವಧಿಯ ಲೆಕ್ಕ ಹಿಡಿದು ನೋಡಿದರೆ ರೇಸಿಂಗ್ ಆಯಿಲಿನಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಆಶ್ಚರ್ಯವೂ ಆಗಲಿಲ್ಲ. ನನ್ನ ಕಾರಿನ ಕ್ಯಾಮ್ ರೋಲರ್ ಮೇಲೆ ಉರುಳುತ್ತದೆ, ಉಜ್ಜಾಟವೇ ಕಡಿಮೆ. ಅಷ್ಟೊಂದು ಜಿಂಕ್ ಇದ್ದು ಅದಕ್ಕೆ ಏನು ಪ್ರಯೋಜನ? ದಪ್ಪವೂ ಸರಿಯಾಗಿತ್ತು. 40ರ ಗ್ರೇಡಿನ ಆಯಿಲ್ 100 ಡಿಗ್ರಿಯಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ಸ್ ಒಳಗೆ ಇರಬೇಕು, ಅದರೊಳಗೇ ಇತ್ತು. ಎಡವಟ್ಟು ಕಂಡದ್ದು ಟಿಬಿಎನ್‌ನಲ್ಲಿ. ಎಂದಿನ ಆಯಿಲ್ ಪೂರ್ತಿ ಅವಧಿ ಓಡಿದ ಮೇಲೂ ಉಳಿಸಿಕೊಂಡಿದ್ದ ಶಕ್ತಿಗಿಂತ ರೇಸಿಂಗ್ ಆಯಿಲ್ ಅರ್ಧ ಅವಧಿಗೇ ಕೆಳಗೆ ಇಳಿದಿತ್ತು. ಆಮ್ಲದ ಅಂಕಿ ಅದನ್ನು ದಾಟಿ ಮೇಲೆ ಹೋಗಿತ್ತು. ಹಾಗೇ ಮುಂದುವರಿಸಿದ್ದರೆ ಬೇರಿಂಗ್‌ಗಳು ಆಮ್ಲದಲ್ಲಿ ನೆನೆಯುತ್ತಾ ಕೂರಬೇಕಿತ್ತು.

ಇದಕ್ಕೆ ಕಾರಣ ನನ್ನ ದಿನದ ಓಡಾಟ. ಟ್ರ್ಯಾಕ್ ಕಾರಿನಲ್ಲಿ ಆಯಿಲ್ ಬಿಸಿ ತೋರಿಸುವ ಮೀಟರ್ ಹಾಕಿದ್ದೇನೆ. ಜೋರು ಲ್ಯಾಪ್‌ಗಳಲ್ಲಿ ಅದು 120 ಡಿಗ್ರಿ ದಾಟುತ್ತದೆ. ಆಯಿಲಿಗೆ ಸೇರಿಕೊಂಡ ನೀರು, ಹಸಿ ಪೆಟ್ರೋಲ್ ಎಲ್ಲ ಆವಿಯಾಗಿ ಹೋಗುತ್ತವೆ. ದಿನದ ಕಾರು ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ, ಸಿಗ್ನಲ್‌ನಲ್ಲಿ ಗುರುಗುಟ್ಟುತ್ತದೆ, ಮತ್ತೆ ತಣ್ಣಗಾಗುತ್ತದೆ. ಎಂಜಿನ್ ನೀರಿನ ಬಿಸಿ ತೋರಿಸುವ ಮುಳ್ಳು ಬೇಗ ಮಧ್ಯಕ್ಕೆ ಬರುತ್ತದೆ, ಆಯಿಲ್ ಬಿಸಿಯಾಗುವುದು ಅದಕ್ಕಿಂತ ಎಷ್ಟೋ ನಿಧಾನ. ನೀರೂ ಪೆಟ್ರೋಲೂ ಎಂಜಿನ್ ತಳದ ಆಯಿಲ್ ತೊಟ್ಟಿಯಲ್ಲೇ (ಸಂಪ್) ಉಳಿದು ಆಮ್ಲ, ಕೆಸರು ಆಗುತ್ತವೆ. ‘ನಾನು ಮೆಲ್ಲಗೆ ಓಡಿಸ್ತೀನಿ, ಎಂಜಿನ್‌ಗೆ ಏನೂ ಕಷ್ಟ ಇಲ್ಲ’ ಅನ್ನುವವರಿಗೆ ಇದನ್ನೇ ಹೇಳುತ್ತೇನೆ. ಆಯಿಲಿನ ಕಡೆಯಿಂದ ನೋಡಿದರೆ ಅದೂ ಒಂದು ಹಿಂಸೆಯೇ.

ಗ್ರೇಡ್ ವಿಷಯದಲ್ಲಿ ಇನ್ನೊಂದು ತಪ್ಪು ಕಲ್ಪನೆ ಇದೆ: ರೇಸ್ ಅಂದರೆ ದಪ್ಪ ಆಯಿಲ್ ಅಂತ. ಫಾರ್ಮುಲಾ 1 ಎಂಜಿನ್‌ಗಳಲ್ಲಿ ಓಡುವುದು ತೆಳ್ಳನೆಯ ಆಯಿಲ್. ತೆಳ್ಳಗಿದ್ದಷ್ಟೂ ಅದನ್ನು ಕಲಕುವುದಕ್ಕೆ ವ್ಯರ್ಥವಾಗುವ ಶಕ್ತಿ ಕಡಿಮೆ. ಆದರೂ 0ಡಬ್ಲ್ಯೂ-20 ಕೇಳುವ ಕಾರಿಗೆ 20ಡಬ್ಲ್ಯೂ-50 ಸುರಿದು ‘ಈಗ ಎಂಜಿನ್ ಸೇಫ್’ ಅನ್ನುವವರನ್ನು ಕಂಡಿದ್ದೇನೆ. 0ಡಬ್ಲ್ಯೂ ಆಯಿಲ್ ಮೈನಸ್ 40 ಡಿಗ್ರಿಯಲ್ಲೂ ಪಂಪ್ ಆಗಬೇಕು ಅನ್ನುವುದು ಪರೀಕ್ಷೆ. 20ಡಬ್ಲ್ಯೂಗೆ ಮೈನಸ್ 20ರಲ್ಲಿ ಆದರೆ ಸಾಕು. ಅಂಥ ಚಳಿ ಇಲ್ಲದಿದ್ದರೂ ದಪ್ಪ ಆಯಿಲ್ ಸ್ಟಾರ್ಟ್ ಮಾಡಿದ ಮೇಲೆ ಮೇಲಿನ ಭಾಗಕ್ಕೆ ತಡವಾಗಿ ತಲುಪುತ್ತದೆ. ಈಗಿನ ಎಂಜಿನ್‌ಗಳಲ್ಲಿ ವಾಲ್ವ್ ಟೈಮಿಂಗ್ ಹಿಂದೆಮುಂದೆ ಮಾಡುವುದೂ ಬಹುತೇಕ ಆಯಿಲ್ ಒತ್ತಡದಿಂದಲೇ. ಅದರ ದಾರಿಗಳು ಕಿರಿದು. ದಪ್ಪ ಆಯಿಲ್ ಅಲ್ಲಿ ನಿಧಾನವಾಗಿ ಹರಿಯುತ್ತದೆ, ಚೆಕ್ ಎಂಜಿನ್ ಲೈಟ್ ಹತ್ತಿಕೊಂಡರೂ ಆಶ್ಚರ್ಯ ಇಲ್ಲ.

‘ರೇಸಿಂಗ್’ ಅಂತ ಬರೆದ ಡಬ್ಬಗಳೆಲ್ಲ ಒಂದೇ ಜಾತಿಯವೂ ಅಲ್ಲ. ವಾಲ್ವೊಲಿನ್ ಕಂಪನಿಯ ರೇಸಿಂಗ್ ಆಯಿಲ್‌ಗಳಲ್ಲೇ ಎರಡು ಬಗೆ ಇವೆ. ಒಂದು ವಿಆರ್1, ಜಿಂಕ್ ಜಾಸ್ತಿ ಇದ್ದೂ ರಸ್ತೆಯ ಹಳೇ ಕಾರಿಗೆ ನಡೆಯುವಂಥದ್ದು. ಇನ್ನೊಂದರ ಡಬ್ಬದ ಮೇಲೆ ‘ನಾಟ್ ಸ್ಟ್ರೀಟ್ ಲೀಗಲ್’ (ರಸ್ತೆಗೆ ಅಲ್ಲ) ಅಂತಲೇ ಇರುತ್ತದೆ. ಮೊದಲನೇ ಥರದ ಆಯಿಲನ್ನು ನಾನು ನನ್ನ ಟ್ರ್ಯಾಕ್ ಕಾರಿನಲ್ಲಿ ಬಳಸುತ್ತೇನೆ, ಖುಷಿಯಿಂದಲೇ. ಅದರ ಕ್ಯಾಮ್ ಫ್ಲಾಟ್ ಟ್ಯಾಪೆಟ್ ಮೇಲೆ ಉಜ್ಜುತ್ತದೆ, ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲ. ಹೊಸ ಕ್ಯಾಮ್ ಹಾಕಿದ ಶುರುವಿನಲ್ಲಂತೂ ಜಿಂಕ್ ಇಲ್ಲದೆ ಅದನ್ನು ಓಡಿಸುವುದೇ ಇಲ್ಲ. ನಿಮ್ಮದೂ ಅಂಥ ಹಳೇ ಎಂಜಿನ್ ಆಗಿದ್ದರೆ ಈ ಆಯಿಲ್ ಕೊಂಡ ದುಡ್ಡು ದಂಡವಾಗುವುದಿಲ್ಲ. ಬೈಕ್ ಇರುವವರಿಗೆ ಒಂದು ಮಾತು: ಕಾರಿನ ರೇಸಿಂಗ್ ಆಯಿಲನ್ನು ಅದಕ್ಕೆ ಹಾಕಬೇಡಿ. ಘರ್ಷಣೆ ತಗ್ಗಿಸುವ ಅಡಿಟಿವ್‌ಗಳಿಂದ ಆಯಿಲಿನಲ್ಲಿ ಮುಳುಗಿರುವ ಕ್ಲಚ್ ಜಾರಬಹುದು. ಅಲ್ಲಿ ಜಾಸೊ (ಜಪಾನಿನ ದರ್ಜೆ) ಎಂಎ ಅಥವಾ ಎಂಎ2 ಗುರುತು ನೋಡಿ.

ದಿನದ ಕಾರಿಗೆ ಈಗ ಮತ್ತೆ ಮೊದಲಿನ ಆಯಿಲೇ. ಮ್ಯಾನ್ಯುಯಲ್ ಹೇಳಿದ ಗ್ರೇಡ್, ಅದು ಕೇಳುವ ಎಪಿಐ ಅಥವಾ ಯುರೋಪಿನ ಎಸಿಇಎ ದರ್ಜೆ, ಸರಿಯಾದ ಹೊತ್ತಿಗೆ ಚೇಂಜ್. ರೇಸಿಂಗ್ ಆಯಿಲಿನ ಮೇಲೆ ಹಾಕುವ ಹೆಚ್ಚುವರಿ ದುಡ್ಡನ್ನು ಒಳ್ಳೇ ಫಿಲ್ಟರ್‌ಗೆ ಹಾಕುತ್ತೇನೆ. ದಾರಿಯಲ್ಲಿ ಆಯಿಲ್ ಕಡಿಮೆಯಾಗಿ ಕೈಗೆ ರೇಸಿಂಗ್ ಆಯಿಲ್ ಮಾತ್ರ ಸಿಕ್ಕರೆ ಟಾಪ್‌ಅಪ್ ಮಾಡಬಹುದಾ ಅಂತಲೂ ಕೇಳುತ್ತಾರೆ. ಮಾಡಿ. ಡಿಪ್‌ಸ್ಟಿಕ್ ಒಣಗಿರುವಾಗ ಓಡಿಸುವುದಕ್ಕಿಂತ ಅದು ಸಾವಿರ ಪಾಲು ವಾಸಿ. ಮನೆಗೆ ಬಂದ ಮೇಲೆ ಮುಂದಿನ ಚೇಂಜನ್ನು ಸ್ವಲ್ಪ ಬೇಗ ಮಾಡಿ, ಆಯಿಲ್ ಯಾಕೆ ಕಡಿಮೆಯಾಯಿತು ಅಂತ ಹುಡುಕಿ.