ಮುಕ್ಕಾಲು ತಾಸಿಗೊಂದು ಡಿವಿಡಿ

2014ರ ಮೇ ತಿಂಗಳು. ರಾಯಚೂರಿನ ತೀನ್ ಕಂದೀಲ್ ಹತ್ತಿರ ನನ್ನದೊಂದು ಸಣ್ಣ ಫೋಟೊ-ವಿಡಿಯೊ ಅಂಗಡಿ. ಮದುವೆ ಸೀಜನ್ ಜೋರಾಗಿತ್ತು. ಮಾನ್ವಿ ಕಡೆಯ ಒಂದು ಮದುವೆಗೆ 12 ಸೆಟ್ ಡಿವಿಡಿ ಕೊಡಬೇಕಿತ್ತು. ಸೆಟ್ಟಿಗೆ ಎರಡರಂತೆ 24 ಡಿಸ್ಕ್. ಹಿಂದಿನ ವರ್ಷ ಒಂದು ಡಿಸ್ಕ್ ರೈಟ್ ಆಗಲು ಹತ್ತು ಹನ್ನೊಂದು ನಿಮಿಷ ಸಾಕಾಗುತ್ತಿತ್ತು. ಈಗ ಮುಕ್ಕಾಲು ತಾಸು. ಒಟ್ಟು 18 ತಾಸಿನ ಕೆಲಸ! ಲ್ಯಾಪ್‌ಟಾಪ್ ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು. ನಡುವೆ ಕರೆಂಟ್ ಹೋದರೆ ಆ ಡಿಸ್ಕ್ ಕಸದ ಬುಟ್ಟಿಗೆ.

ಹುಡುಗನ ಸೋದರಮಾವ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದರು. "ಏನ್ರೀ ಅಣ್ಣಾರ, ಮದಿವಿ ಎರಡೇ ದಿನದಾಗ ಮುಗೀತು. ನಿಮ್ಮ ಸೀಡಿ ಮುಗಿಯಾಕ ಎಷ್ಟ್ ದಿನ ಬೇಕ್ರೀ?"

ಮೊದಲು ಡಿಸ್ಕಿನ ಮೇಲೆ ಅನುಮಾನ ಬಂತು. 50 ಡಿಸ್ಕಿನ ಡಬ್ಬಿ ಬಿಟ್ಟು ಬೇರೆ ಕಂಪನಿಯದು ತಂದೆ. ಅದೇ ಹಾಡು. ಲೆನ್ಸ್ ಒರೆಸಿದೆ. ಊರಿನ ಧೂಳಿಗೆ ಅದು ಬೇಕೇ ಬೇಕು, ಆದರೆ ಉಪಯೋಗವಾಗಲಿಲ್ಲ. ರಿಪೇರಿ ಅಂಗಡಿಯೊಂದರಲ್ಲಿ "ರೈಟರ್ ಹೋಗ್ಯಾದ, ಹೊಸಾದು ಹಾಕ್ಬೇಕು" ಎಂದರು. ಯಂತ್ರ ಬಿಚ್ಚಿಯೂ ನೋಡಿರಲಿಲ್ಲ. ಸುಮ್ನೆ ಎದ್ದು ಬಂದೆ.

ಅವತ್ತು ರಾತ್ರಿ ಡಿಸ್ಕ್ ಹಾಕಿ ಪರದೆಯನ್ನೇ ನೋಡುತ್ತಾ ಕುಳಿತೆ. ಎರಡು ವಿಷಯ ಕಣ್ಣಿಗೆ ಬಿದ್ದವು. ಬಫರ್ ಪಟ್ಟಿ (ಡಿಸ್ಕಿಗೆ ಹೋಗುವ ಮುಂಚೆ ಡೇಟಾ ಬಂದು ಕಾಯುವ ಜಾಗ ಎಷ್ಟು ತುಂಬಿದೆ ಎಂದು ತೋರಿಸುವ ಗೆರೆ) ತುಂಬುತ್ತದೆ, ಸರ್ರನೆ ಖಾಲಿಯಾಗುತ್ತದೆ, ಮತ್ತೆ ತುಂಬುತ್ತದೆ. ಇನ್ನೊಂದು, ಮೌಸ್ ಕುಂಟುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆಗೆದರೆ ಪ್ರೊಸೆಸರ್ ನೂರಕ್ಕೆ ನೂರು ದುಡಿಯುತ್ತಿದೆ. ಡಿಸ್ಕ್ ಬರೆಯಲು ಪ್ರೊಸೆಸರ್‌ಗೆ ಇಷ್ಟು ಕೆಲಸ ಯಾಕೆ? ರೈಟರ್ ಕೆಟ್ಟಿದ್ದರೆ ಪ್ರೊಸೆಸರ್ ಬೆವರಬಾರದು, ಅಲ್ವಾ?

ನನ್ನದು 2007ರ ಲ್ಯಾಪ್‌ಟಾಪ್. ಕೋರ್ 2 ಡ್ಯುಯೊ, 1 ಜಿಬಿ ರ‍್ಯಾಮ್, ವಿಂಡೋಸ್ ಎಕ್ಸ್‌ಪಿ. ಡಿವೈಸ್ ಮ್ಯಾನೇಜರ್‌ನಲ್ಲಿ ಡಿವಿಡಿ ಡ್ರೈವ್ ಜೋಡಿಸಿರುವ ದಾರಿ, ಅಂದರೆ ಸೆಕೆಂಡರಿ ಐಡಿಇ ಚಾನೆಲ್ ತೆಗೆದು ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ನೋಡಿದೆ. 'ಡಿಎಂಎ ಇಫ್ ಅವೈಲಬಲ್' ಎಂದೇ ಆಯ್ಕೆಯಾಗಿತ್ತು. ಆದರೆ ಅದರ ಕೆಳಗಿನ ಸಾಲಿನಲ್ಲಿ, ಈಗ ನಡೆಯುತ್ತಿರುವುದು 'ಪಿಐಒ ಮೋಡ್' ಎಂದಿತ್ತು. ಕಳ್ಳ ಸಿಕ್ಕಿದ್ದ.

ಇವೆರಡೂ ಡೇಟಾ ಸಾಗಿಸುವ ವಿಧಾನಗಳು. ಡಿಎಂಎ ಇದ್ದರೆ ಡೇಟಾ ಮೆಮೊರಿಯಿಂದ ನೇರವಾಗಿ ಡ್ರೈವ್‌ಗೆ ಹೋಗುತ್ತದೆ. ಪಿಐಒದಲ್ಲಿ ಪ್ರತಿ ಚೂರನ್ನೂ ಪ್ರೊಸೆಸರೇ ಎತ್ತಿ ಕೊಡಬೇಕು. ರೈಸ್ ಮಿಲ್ ಸಾಹುಕಾರ ಹಮಾಲರನ್ನು ಮನೆಗೆ ಕಳಿಸಿ ತಾನೇ ಒಂದೊಂದು ಚೀಲ ಹೊತ್ತು ಲಾರಿಗೆ ಹಾಕಿದ ಹಾಗೆ. ಗಲ್ಲಾಪೆಟ್ಟಿಗೆ ಯಾರು ನೋಡಬೇಕು? ಡಿವಿಡಿ ಬರೆಯುವ ವೇಗವನ್ನು ಎಕ್ಸ್ ಲೆಕ್ಕದಲ್ಲಿ ಹೇಳುತ್ತಾರೆ. 1ಎಕ್ಸ್ ಎಂದರೆ ಸೆಕೆಂಡಿಗೆ ಸುಮಾರು 1.38 ಎಂಬಿ. 8ಎಕ್ಸ್‌ಗೆ ಸೆಕೆಂಡಿಗೆ 11 ಎಂಬಿ ಬೇಕು. ಹೀಗೆ ಹೊತ್ತು ಹಾಕಿದರೆ ಅದರ ಹತ್ತಿರಕ್ಕೂ ಬರುವುದಿಲ್ಲ.

ಇಲ್ಲಿಗೆ ಇದು ಬಂದದ್ದಾದರೂ ಹೇಗೆ? ಡ್ರೈವ್‌ನಿಂದ ಆರು ಸಲ ತಪ್ಪು ಬಂದರೆ, ಅಥವಾ ಹೊತ್ತಿಗೆ ಸರಿಯಾಗಿ ಉತ್ತರ ಬಾರದಿದ್ದರೆ, ಎಕ್ಸ್‌ಪಿ ಒಂದೊಂದೇ ಮೆಟ್ಟಿಲು ಇಳಿಸುತ್ತಾ ಕೊನೆಗೆ ಪಿಐಒಗೆ ತಂದು ನಿಲ್ಲಿಸುತ್ತದೆ. ಆಮೇಲೆ ತಾನಾಗಿ ಮೇಲೆ ಹತ್ತಿಸುವುದಿಲ್ಲ. ಆಗ ನೆನಪಾಯಿತು. ಯುಗಾದಿ ಹೊತ್ತಿಗೆ ಒಬ್ಬ ಗಿರಾಕಿ ತನ್ನ ಮದುವೆಯ ಗೀರು ಬಿದ್ದ ಸೀಡಿ ತಂದಿದ್ದ, ಹೇಗಾದರೂ ಉಳಿಸಿಕೊಡಿ ಎಂದು. ಇಡೀ ರಾತ್ರಿ ಡ್ರೈವ್ ಕರಕರ ಎನ್ನುತ್ತಾ ಅದನ್ನು ಓದಿತ್ತು. ಅವನ ಮದುವೆ ಉಳಿಯಿತು, ನನ್ನ ಡಿಎಂಎ ಹೋಯಿತು.

ಪರಿಹಾರಕ್ಕೆ ಐದು ನಿಮಿಷವೂ ಬೇಕಾಗಲಿಲ್ಲ. ಆ ಸೆಕೆಂಡರಿ ಚಾನೆಲ್ ಅನ್ನೇ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಟ್ಟೆ. ಎಕ್ಸ್‌ಪಿ ಅದನ್ನು ಹೊಸದಾಗಿ ಹುಡುಕಿಕೊಂಡಿತು. ಈಗ 'ಅಲ್ಟ್ರಾ ಡಿಎಂಎ ಮೋಡ್ 2' ಎಂದು ತೋರಿಸಿತು. ಮುಂದಿನ ಡಿಸ್ಕ್ 11 ನಿಮಿಷಕ್ಕೆ ಹೊರಬಂತು. ಆದರೂ ಗಿರಾಕಿಗೆ ಕೊಡುವ ಡಿಸ್ಕನ್ನು ನಾನು 4ಎಕ್ಸ್‌ನಲ್ಲೇ ಬರೆಯುತ್ತೇನೆ. ಕಾಲು ತಾಸು ಹಿಡಿಯುತ್ತದೆ, ಹಿಡಿಯಲಿ. ಹಳ್ಳಿ ಮನೆಯ ಹಳೇ ಪ್ಲೇಯರ್‌ಗಳಲ್ಲಿ 8ಎಕ್ಸ್ ಡಿಸ್ಕ್ ತಾಳಿ ಕಟ್ಟುವ ಹೊತ್ತಿಗೇ ನಿಂತ ದೂರು ನನಗೆ ಬಂದಿದೆ.

ಆ ಸೀಜನ್ ಮುಗಿದ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದೆ. ಎಕ್ಸ್‌ಪಿಗೆ ಏಪ್ರಿಲ್‌ನಲ್ಲೇ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತ್ತು. ಹೇಗೂ ವಿಂಡೋಸ್ 7 ಹಾಕಬೇಕು, ಜೊತೆಗೆ ರ‍್ಯಾಮ್ ಮತ್ತು ಹಾರ್ಡ್ ಡಿಸ್ಕ್ ಬದಲಿಗೆ ಅದಕ್ಕಿಂತ ವೇಗದ ಎಸ್‌ಎಸ್‌ಡಿಯೂ ಆಗಲಿ ಎಂದುಕೊಂಡೆ. ಅಂಗಡಿಯಲ್ಲಿ 2 ಜಿಬಿಯ ಎರಡು ರ‍್ಯಾಮ್ ಕಟ್ಟಿಕೊಡಲು ನೋಡಿದರು. ನನ್ನ ಯಂತ್ರದ ಚಿಪ್‌ಸೆಟ್ 4 ಜಿಬಿ ಹಾಕಿದರೂ 3 ಜಿಬಿ ಆಸುಪಾಸು ಮಾತ್ರ ಬಳಸುತ್ತದೆ ಎಂದು ಮೊದಲೇ ಓದಿಕೊಂಡು ಹೋಗಿದ್ದೆ. ಒಂದು 2, ಒಂದು 1 ತಗೊಂಡೆ. ಕೊಳ್ಳುವಾಗ ಬಗೆ ಯಾವುದು, ಅಂದರೆ ಡಿಡಿಆರ್2 ಎಂದು ಒತ್ತಿ ಹೇಳಬೇಕು. ಡಿಡಿಆರ್3ಯ ಕಚ್ಚು ಬೇರೆ ಕಡೆ ಇರುತ್ತದೆ, ಕೂರುವುದೇ ಇಲ್ಲ.

ಹಿಂಬದಿ ತೆಗೆದಾಗ ನಿಜವಾಗಿ ಗಾಬರಿ ಹುಟ್ಟಿಸಿದ್ದು ಫ್ಯಾನ್. ಪ್ರೊಸೆಸರ್‌ನ ಬಿಸಿ ಹೊರಹಾಕುವ ಹೀಟ್‌ಸಿಂಕ್‌ನ ರೆಕ್ಕೆಗಳ ಬಾಯಿಗೆ ಧೂಳು ಕಂಬಳಿಯ ತುಂಡಿನ ಹಾಗೆ ಒತ್ತಾಗಿ ಕೂತಿತ್ತು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಇಡಿಯಾಗಿ ಬಂತು. ನಮ್ಮೂರ ಬೇಸಿಗೆ 40 ಡಿಗ್ರಿ ದಾಟುತ್ತದೆ. ಇಂಥ ಕಂಬಳಿ ಹೊದ್ದ ಪ್ರೊಸೆಸರ್ ಬಿಸಿ ತಾಳದೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಪ್ರೊಸೆಸರ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಪೇಸ್ಟ್ ಒಣಗಿ ಪುಡಿಯಾಗಿತ್ತು. ಅದನ್ನು ಕೆರೆದು, ಹೊಸದನ್ನು ಅಕ್ಕಿಕಾಳಿನಷ್ಟು ಹಚ್ಚಿದೆ. ಎಡಿಟಿಂಗ್ ಮುಗಿದ ಮೇಲೆ ವಿಡಿಯೊವನ್ನು ಡಿವಿಡಿಗೆ ಬೇಕಾದ ಎಂಪೆಗ್-2ಗೆ ಬದಲಿಸುವ ಕೆಲಸದಲ್ಲಿ ಸಮಯ ಉಳಿಸಿದ್ದು ಈ ಬಿಡಿಗಾಸಿನ ಪೇಸ್ಟ್. ಸಾವಿರಾರು ಕೊಟ್ಟ ಎಸ್‌ಎಸ್‌ಡಿ ಅಲ್ಲ.

ಹಾಗಂತ ಎಸ್‌ಎಸ್‌ಡಿ ದಂಡ ಅನ್ನುತ್ತಿಲ್ಲ. ಯಂತ್ರ ತಟ್ಟನೆ ಏಳುತ್ತದೆ, ಎಡಿಟಿಂಗ್ ಸಾಫ್ಟ್‌ವೇರ್ ಚಹಾ ಬರುವ ಮುಂಚೆ ತೆರೆದುಕೊಳ್ಳುತ್ತದೆ. ಎಕ್ಸ್‌ಪಿಯಲ್ಲೇ ಮುಂದುವರಿದಿದ್ದರೆ, ಅಳಿಸಿದ ಫೈಲ್‌ಗಳ ಜಾಗ ಖಾಲಿಯಾಯಿತೆಂದು ಎಸ್‌ಎಸ್‌ಡಿಗೆ ತಿಳಿಸುವ ಟ್ರಿಮ್ ಸಿಗುತ್ತಿರಲಿಲ್ಲ, ಅದಕ್ಕೂ 7 ಬೇಕಿತ್ತು. ಆದರೆ ಡಿಸ್ಕ್ ಬರೆಯುವ ವೇಗ? ಒಂದು ನಿಮಿಷವೂ ಕಡಿಮೆಯಾಗಲಿಲ್ಲ. ಹಳೇ ಹಾರ್ಡ್ ಡಿಸ್ಕೇ ಸೆಕೆಂಡಿಗೆ 11 ಎಂಬಿಯನ್ನು ಆರಾಮಾಗಿ ಕೊಡುತ್ತಿತ್ತು.

ಇನ್ನು ಮಾನ್ವಿಯವರ 24 ಡಿಸ್ಕ್, ಡಿಎಂಎ ಸರಿಯಾದ ಮರುದಿನ ರಾತ್ರಿಗೇ ಮುಗಿದಿದ್ದವು. ಒಯ್ಯಲು ಬಂದ ಸೋದರಮಾವ ಒಂದನ್ನು ಬೆಳಕಿಗೆ ಹಿಡಿದು ತಿರುಗಿಸಿದರು. "ಇದ್ರಾಗ ಏನ್ ಕಾಣಂಗಿಲ್ಲಲ್ರೀ" ಎಂದರು. ಅಂಗಡಿಯ ಟಿವಿಗೆ ಹಾಕಿ, ಅವರು ಅಕ್ಷತೆ ಹಾಕುವುದು ಬರುವ ತನಕ ಓಡಿಸಿ ತೋರಿಸಿದ ಮೇಲೆಯೇ ಬಾಕಿ ದುಡ್ಡು ಎಣಿಸಿದ್ದು.